ಎಲ್ಲ ಮನೆಯೂ ಸರ್ಕಾರದ್ದೇ ಆಗಲಿ ಎನ್ನುವವರನ್ನು ಏನೇನು ಕೇಳಬೇಕು

ನೌಕರರಿಗೆ ಕ್ವಾರ್ಟರ್ಸ್ ಹಂಚುವ ಸಮಿತಿಯಲ್ಲಿ ಆರು ವರ್ಷ ಕೂತವನು ನಾನು. "ಮನೆಗಳೆಲ್ಲ ಸರ್ಕಾರದ್ದಾಗಲಿ, ಅದೇ ಹಂಚಲಿ" ಎಂದು ಯಾರಾದರೂ ಅಂದರೆ, ಸರಿ ತಪ್ಪು ಹೇಳುವ ಮೊದಲು ಆ ಮಾತನ್ನು ಎರಡು ತುಂಡು ಮಾಡುತ್ತೇನೆ. ನೀವೂ ಮಾಡಿ. ಒಡೆತನ ಬೇರೆ, ಹಂಚಿಕೆ ಬೇರೆ. ಸಿಂಗಪುರದಲ್ಲಿ 1960ರಲ್ಲಿ ಶುರುವಾದ ವಸತಿ ಮಂಡಳಿಯ ಫ್ಲ್ಯಾಟುಗಳಲ್ಲೇ ಹತ್ತರಲ್ಲಿ ಎಂಟರಷ್ಟು ನಿವಾಸಿಗಳಿದ್ದಾರೆ. ಆದರೆ ಹೆಚ್ಚಿನವರು ದುಡ್ಡು ಕೊಟ್ಟು 99 ವರ್ಷದ ಗುತ್ತಿಗೆ ಕೊಂಡವರು, ನಿಯಮದೊಳಗೆ ಮಾರಲೂಬಹುದು. ವಿಯೆನ್ನಾ ನಗರಾಡಳಿತ ಎರಡು ಲಕ್ಷಕ್ಕೂ ಹೆಚ್ಚು ಮನೆಗಳನ್ನು ಬಾಡಿಗೆಗೆ ಕೊಟ್ಟಿದೆ, ಪಕ್ಕದಲ್ಲೇ ಖಾಸಗಿ ಮನೆಗಳೂ ಇವೆ. ಈ ಎರಡು ಊರು ತೋರಿಸಿ ವಾದಿಸುವವರಿಗೆ 'ಎಲ್ಲ' ಎಂಬ ಪದವನ್ನು ನೆನಪಿಸಿ.

ಮುಂದಿನದು ಸರದಿಯ ಪ್ರಶ್ನೆ. ಇಲ್ಲಿ ಅವಸರ ಬೇಡ. ಬೆಲೆ ತೆಗೆದರೆ ಇನ್ನೊಂದು ಅಳತೆ ಬರಲೇಬೇಕು: ಸೇವಾವಧಿ, ಮಕ್ಕಳು, ಕಾಯಿಲೆ, ಸಂಬಳ. ಯಾವುದಕ್ಕೆ ಎಷ್ಟು ಅಂಕ ಎಂದು ಕಾಗದದ ಮೇಲೆ ಬರೆಸಿ. ನಮ್ಮಲ್ಲಿ ಸೀನಿಯಾರಿಟಿಯೇ ಮೇಲು. ಒಮ್ಮೆ ನೆಲಮಹಡಿಯ ಒಂದೇ ಮನೆ ಖಾಲಿಯಾಯಿತು. ಕೇಳಿದವರು ಇಬ್ಬರು: ಇಪ್ಪತ್ತೆರಡು ವರ್ಷ ಸೇವೆಯಾದ ಗುಮಾಸ್ತರು, ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ. ಅವಳ ತಾಯಿಗೆ ಮೆಟ್ಟಿಲು ಹತ್ತಲಾಗದು. ಮನೆ ಗುಮಾಸ್ತರಿಗೆ ಹೋಯಿತು. ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಮನಸ್ಸು ತಡೆಯದೆ ಮುಂದಿನ ವರ್ಷ ಕಾಯಿಲೆಗೂ ಅಂಕ ಕೊಟ್ಟೆವು. ಆಗ ನೋಡಬೇಕಿತ್ತು, ಅರ್ಧ ಇಲಾಖೆಗೆ ಮಂಡಿನೋವು! ವೈದ್ಯರ ಚೀಟಿಯ ಜತೆಗೆ ಶಿಫಾರಸು ಪತ್ರ ಬೇರೆ.

ಆದರೂ ನಮ್ಮಲ್ಲಿ ಸಿಗದವರಿಗೆ ಹೊರಗೆ ಬಾಡಿಗೆ ಮನೆ ಹುಡುಕುವ ದಾರಿಯಿತ್ತು. ಆದ್ದರಿಂದ ಇದನ್ನು ಒತ್ತಿ ಕೇಳಿ: ಇಲ್ಲ ಎನಿಸಿಕೊಂಡವನು ಮುಂದೆ ಎಲ್ಲಿಗೆ ಹೋಗಬೇಕು? 1918ರಲ್ಲಿ ನಗರಗಳ ಖಾಸಗಿ ಕಟ್ಟಡಗಳ ಒಡೆತನ ರದ್ದು ಮಾಡಿದ ಸೋವಿಯತ್ ವ್ಯವಸ್ಥೆಯಲ್ಲಿ ಹಲವು ಸಂಸಾರಗಳು ಕೋಣೆಗೊಂದರಂತೆ ಸೇರಿ, ಒಂದೇ ಅಡುಗೆಮನೆಯಲ್ಲಿ ದಶಕಗಳನ್ನು ಕಳೆದವು. ಮನೆ ಬದಲಿಸುವುದು ಹೇಗೆ ಎಂದೂ ಕೇಳಿ. ಕ್ಯೂಬಾದಲ್ಲಿ ಬಹುತೇಕರು ಮನೆಯ ಒಡೆಯರೇ, ಆದರೆ 2011ರವರೆಗೆ ಮಾರುವಂತಿರಲಿಲ್ಲ. ಜನ ಮನೆಗೆ ಮನೆ ಅದಲುಬದಲು ಮಾಡಿಕೊಂಡು ಮೇಲಿನ ದುಡ್ಡನ್ನು ಗುಟ್ಟಾಗಿ ಕೊಡುತ್ತಿದ್ದರು.

ರಿಪೇರಿಯ ಬಗ್ಗೆ ಒಂದೇ ಪ್ರಶ್ನೆ ಸಾಕು: ಬಾಡಿಗೆ ಕಮ್ಮಿ ಇಟ್ಟರೆ ಸೋರುವ ಸೂರಿಗೆ ದುಡ್ಡು ಎಲ್ಲಿಂದ?

ಸರ್ಕಾರದ ಕೈಯಲ್ಲಿ ಬೇಕಾದಷ್ಟು ಮನೆ ಇರಲಿ, ಎಲ್ಲವೂ ಬೇಡ. ಇದು ನನ್ನ ಲೆಕ್ಕ. ಆದರೆ ಮಾರುಕಟ್ಟೆಗೇ ಬಿಡಿ ಎನ್ನುವವರನ್ನೂ ಸುಮ್ಮನೆ ಬಿಡಬೇಡಿ. ಆ ಹುಡುಗಿ ಹೊರಗೆ ನೆಲಮಹಡಿ ಹುಡುಕಿದಾಗ ಕೇಳಿದ ಬಾಡಿಗೆ ಅವಳ ಸಂಬಳದ ಅರ್ಧಕ್ಕಿಂತ ಹೆಚ್ಚು. ಎರಡು ವರ್ಷ ಕೊಟ್ಟಳು. ಆಮೇಲೆ ಗುಮಾಸ್ತರು ನಿವೃತ್ತರಾಗಿ ಮನೆ ಮತ್ತೆ ಖಾಲಿಯಾಯಿತು. ಪಟ್ಟಿಯಲ್ಲಿ ಅವಳಿಗಿಂತ ಮೇಲೆ ಇನ್ನೂ ಮೂವರಿದ್ದರು.