ಜಾತ್ರೆಯಲ್ಲಿ ಮದ್ದು ಸುಡುವ ಮುನ್ನ: ಪರವಾನಗಿ ಪಡೆಯುವುದು ಹೇಗೆ, ಮೈದಾನ ಸಜ್ಜುಗೊಳಿಸುವುದು ಹೇಗೆ

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಮದ್ದು ಸುಡುವುದನ್ನು, ಅಂದರೆ ಬಾಣಬಿರುಸು ಹಾರಿಸುವುದನ್ನು, ನೋಡಲೆಂದೇ ಸುತ್ತಲಿನ ಊರುಗಳಿಂದ ಜನ ಬಂದು ಸೇರುತ್ತಾರೆ. ಅದನ್ನು ಕಂಡ ಸಣ್ಣ ಊರುಗಳ ಜಾತ್ರಾ ಕಮಿಟಿಗಳಿಗೂ ತಮ್ಮ ತೇರಿನ ರಾತ್ರಿ ಆಕಾಶದಲ್ಲಿ ನಾಲ್ಕು ಬಣ್ಣ ಚೆಲ್ಲಬೇಕೆಂಬ ಆಸೆ ಹುಟ್ಟುವುದು ಸಹಜ. ಸಾಮಾನ್ಯವಾಗಿ ಕಮಿಟಿಯವರು ಮೊದಲು ಗುತ್ತಿಗೆದಾರನೊಡನೆ ದರ ಮಾತಾಡಿ, ಮುಂಗಡ ಕೊಟ್ಟು, ಜಾತ್ರೆಗೆ ಒಂದು ವಾರವಿರುವಾಗ ಅನುಮತಿಯ ಕಾಗದಕ್ಕೆ ಓಡಾಡುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕು. ಮೊದಲು ಜಾಗ, ಆಮೇಲೆ ಅರ್ಜಿ, ಕೊನೆಗೆ ಗುತ್ತಿಗೆ. ಜಾಗವನ್ನು ನೋಡುವಾಗಲೂ ಮದ್ದು ಎಲ್ಲಿ ಸುಡುತ್ತದೆ ಎಂಬುದಕ್ಕಿಂತ, ಸುಡುವ ತನಕ ಅದು ಎಲ್ಲಿ ಕುಳಿತಿರುತ್ತದೆ ಎಂಬುದನ್ನು ಮೊದಲು ಕೇಳಬೇಕು.

ಹೀಗೆ ಹೇಳಲು ಕಾರಣವಿದೆ. 2016ರ ಏಪ್ರಿಲ್ 10ರಂದು ಕೇರಳದ ಕೊಲ್ಲಂ ಜಿಲ್ಲೆಯ ಪುಟ್ಟಿಂಗಲ್ ದೇವಸ್ಥಾನದಲ್ಲಿ 100ಕ್ಕೂ ಹೆಚ್ಚು ಜನ ಸತ್ತದ್ದು ಆಕಾಶದಲ್ಲಿ ಸಿಡಿದ ಬಾಣಗಳಿಂದಲ್ಲ. ಕಿಡಿ ತಗುಲಿ ಸಂಗ್ರಹದ ಕಟ್ಟಡವೇ ಸ್ಫೋಟಿಸಿದ್ದರಿಂದ. ಜಿಲ್ಲಾಡಳಿತ ಅನುಮತಿ ನಿರಾಕರಿಸಿದ್ದರೂ ಅಲ್ಲಿ ಮದ್ದು ಸುಡಲಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ದೇವಸ್ಥಾನದಲ್ಲಿ 150ಕ್ಕೂ ಹೆಚ್ಚು ಜನ ಗಾಯಗೊಂಡದ್ದೂ ಸುಡುವ ಸ್ಥಳದ ಪಕ್ಕದಲ್ಲೇ ಇಟ್ಟಿದ್ದ ಸಂಗ್ರಹಕ್ಕೆ ಬೆಂಕಿ ಬಿದ್ದು. ನಮ್ಮದೇ ರಾಜ್ಯದ ಅತ್ತಿಬೆಲೆಯಲ್ಲಿ 2023ರ ಅಕ್ಟೋಬರ್ 7ರಂದು ಹೊತ್ತಿದ್ದು ಮಾರಾಟದ ಮಳಿಗೆ ಮತ್ತು ಗೋದಾಮು.

ಮೊದಲ ಹೆಜ್ಜೆ: ಟೇಪು ಹಿಡಿದು ಮೈದಾನಕ್ಕೆ ಹೋಗಿ

1884ರ ಸ್ಫೋಟಕ ಕಾಯ್ದೆಯಡಿ ರೂಪಿಸಿದ 2008ರ ಸ್ಫೋಟಕ ನಿಯಮಗಳು ಸಾರ್ವಜನಿಕ ಪ್ರದರ್ಶನಕ್ಕೂ ಅನ್ವಯಿಸುತ್ತವೆ. ಇವುಗಳ ಉಸ್ತುವಾರಿ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯದು. ಕಚೇರಿಗಳಲ್ಲಿ ಇದನ್ನು ‘ಪೆಸೊ’ ಎಂದೇ ಕರೆಯುತ್ತಾರೆ. 2024ರ ಅಕ್ಟೋಬರ್‌ನ ಕೇಂದ್ರದ ಅಧಿಸೂಚನೆಯು ಸುಡುವ ಸ್ಥಳಕ್ಕೂ ಸಂಗ್ರಹಾಗಾರಕ್ಕೂ ನಡುವೆ 200 ಮೀಟರ್, ಸುಡುವ ಸ್ಥಳಕ್ಕೂ ಪ್ರೇಕ್ಷಕರ ಬೇಲಿಗೂ ನಡುವೆ 100 ಮೀಟರ್, ಆಸ್ಪತ್ರೆ ಮತ್ತು ಶಾಲೆಗಳಿಂದ 250 ಮೀಟರ್ ಅಂತರವನ್ನು ವಿಧಿಸಿತು. ಕೇರಳದಲ್ಲಿ ಈ ಅಂತರಗಳಿಗೆ ಬಲವಾದ ವಿರೋಧ ಬಂದಿದ್ದು, ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ. ಆದಕಾರಣ ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಅಂತರಗಳನ್ನು ಜಿಲ್ಲಾಧಿಕಾರಿ ಕಚೇರಿಯಿಂದ ಲಿಖಿತವಾಗಿ ಪಡೆದುಕೊಳ್ಳುವುದು ಒಳ್ಳೆಯದು.

ಲೆಕ್ಕ ಹಾಕಿ ನೋಡಿದರೆ, ನಡುವೆ ಮದ್ದು ಹಾರಿಸುವ ಪೈಪುಗಳನ್ನು ನೆಟ್ಟು ಸುತ್ತಲೂ 100 ಮೀಟರ್ ಬಿಟ್ಟರೆ ಆ ವೃತ್ತವೇ ಸುಮಾರು ಏಳೂಮುಕ್ಕಾಲು ಎಕರೆಯಾಗುತ್ತದೆ. ಅಗಸಿ ಮುಂದಿನ ಬಯಲು, ಗುಡಿಯ ಅಂಗಳ, ಶಾಲೆಯ ಆಟದ ಮೈದಾನ ಇವು ಯಾವುವೂ ಸಾಲುವುದಿಲ್ಲ. ಶಾಲೆಯ ಮೈದಾನವಂತೂ 250 ಮೀಟರಿನ ಅಂತರಕ್ಕೇ ಬಿದ್ದುಹೋಗುತ್ತದೆ. ಅಷ್ಟು ಬಯಲು ಸಿಗದ ಊರಿನವರು ಶೆಲ್ಲುಗಳ, ಅಂದರೆ ಮೇಲಕ್ಕೆ ಹಾರಿ ಒಡೆಯುವ ಮದ್ದಿನ ಗುಂಡುಗಳ ಆಸೆಯನ್ನು ಬಿಡುವುದೇ ಸರಿ. ಶೆಲ್ ಒಂದು ಅಂಗುಲ ದಪ್ಪಗಾದಂತೆ ಸುಮಾರು 30 ಮೀಟರ್ ಹೆಚ್ಚು ಎತ್ತರಕ್ಕೆ ಏರುತ್ತದೆ ಎಂಬುದು ಈ ಕಸುಬಿನ ಸ್ಥೂಲ ಲೆಕ್ಕ. ನಾಲ್ಕು ಅಂಗುಲದ ಶೆಲ್ಲು 120 ಮೀಟರ್ ಎತ್ತರದಲ್ಲಿ ಒಡೆದರೆ, ಅದರ ಕಿಡಿ ಎಲ್ಲಿ ಬೀಳುತ್ತದೆಂಬುದನ್ನು ಗಾಳಿ ನಿರ್ಧರಿಸುತ್ತದೆ, ಗುತ್ತಿಗೆದಾರನಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಲೇಬೇಕು. ಜನವರಿಯಿಂದ ಮಾರ್ಚ್‌ವರೆಗಿನ ಜಾತ್ರೆಗಳ ಕಾಲದಲ್ಲೇ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬು ಕಟಾವಾಗಿ ರವದಿ (ಕಬ್ಬಿನ ಎಲೆ) ಒಣಗಿ ಬಿದ್ದಿರುತ್ತದೆ. ವಿಜಯಪುರದ ಕಡೆ ಜೋಳದ ಕಣಿಕೆಯ ಬಣವಿಗಳು ಎದ್ದಿರುತ್ತವೆ. ನಿಯಮದ ಅಂತರಗಳು ಜನರನ್ನೂ ಕಟ್ಟಡಗಳನ್ನೂ ಕಾಯುತ್ತವೆಯೇ ಹೊರತು ಬಣವಿಗಳನ್ನು ಹೆಸರಿಸಿ ಕಾಯುವುದಿಲ್ಲ. ಆದ್ದರಿಂದ ಗಾಳಿ ಬೀಸುವ ದಿಕ್ಕಿನ ಹೊಲಗಳ ಮಾಲೀಕರೊಡನೆ ಮೊದಲೇ ಮಾತಾಡಿ, ಬಣವಿಗಳನ್ನು ಸರಿಸಿ, ರವದಿಯನ್ನು ತೆಗೆಸಿ, ಅದು ಆಗದಿದ್ದರೆ ಸ್ಥಳವನ್ನೇ ಬದಲಿಸಬೇಕು. ಹೆಸ್ಕಾಂನ ವಿದ್ಯುತ್ ತಂತಿಗಳು ಮೈದಾನದ ಮೇಲೆ ಹಾದುಹೋಗಬಾರದು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಸಮೀಪದಲ್ಲಾದರೆ ವಿಮಾನ ಸಂಚಾರ ನಿಯಂತ್ರಣಕ್ಕೂ, ವಿಜಯಪುರ ಮತ್ತು ಬಾದಾಮಿಯ ಸಂರಕ್ಷಿತ ಸ್ಮಾರಕಗಳ ಬಳಿಯಾದರೆ ಪುರಾತತ್ವ ಇಲಾಖೆಗೂ ಮುಂಚಿತವಾಗಿ ತಿಳಿಸಬೇಕು.

ಎರಡನೆಯ ಹೆಜ್ಜೆ: ಅರ್ಜಿ

ಅರ್ಜಿ ಸಲ್ಲಿಸಬೇಕಾದದ್ದು ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಗೆ. ಬೆಳಗಾವಿ ನಗರಕ್ಕೆ ಪೊಲೀಸ್ ಆಯುಕ್ತಾಲಯವಿರುವುದರಿಂದ ಅದರ ವ್ಯಾಪ್ತಿಯ ಮೈದಾನಗಳ ವಿಚಾರಣೆಯನ್ನು ಆಯುಕ್ತರ ಕಚೇರಿಯಲ್ಲಿಯೇ ಆರಂಭಿಸಬೇಕು. ಕಡತವು ಪೊಲೀಸ್, ಅಗ್ನಿಶಾಮಕ, ಕಂದಾಯ ಇಲಾಖೆಗಳನ್ನು ಸುತ್ತಿ ಬರುವುದರಿಂದ ಎರಡು ತಿಂಗಳ ಮೊದಲೇ ಕೊಟ್ಟರೆ ನೆಮ್ಮದಿ.

ಕಮಿಟಿಯ ಠರಾವಿನ ಪ್ರತಿ, ಜಮೀನಿನ ಉತಾರ (ಪಹಣಿ), ಮಾಲೀಕರ ಒಪ್ಪಿಗೆ ಪತ್ರ, ಗ್ರಾಮ ಪಂಚಾಯಿತಿ ಅಥವಾ ಪುರಸಭೆಯ ನಿರಾಕ್ಷೇಪಣಾ ಪತ್ರ, ಮುಂಗಡ ಕೊಡದೆಯೇ ಗೊತ್ತುಮಾಡಿಕೊಂಡ ಗುತ್ತಿಗೆದಾರನ ಪರವಾನಗಿಯ ಪ್ರತಿ, ಸುಡುವ ಪ್ರತಿಯೊಂದು ಬಗೆಯ ಸಾಮಾನಿನ ಹೆಸರು, ಸಂಖ್ಯೆ, ತೂಕ ಇವೆಲ್ಲ ಅರ್ಜಿಯ ಜೊತೆಗಿರಲಿ. ಆದರೆ ಅಧಿಕಾರಿಗಳು ಮೊದಲು ನೋಡುವುದು ನಕಾಶೆಯನ್ನು. ಸುಡುವ ಸ್ಥಳ, ಸಂಗ್ರಹದ ಸ್ಥಳ, ಬೇಲಿ, ಜನ ಬರುವ ದಾರಿ, ಜನ ಹೋಗುವ ದಾರಿ, ಅಗ್ನಿಶಾಮಕ ವಾಹನ ನಿಲ್ಲುವ ಜಾಗ, ಹತ್ತಿರದ ಮನೆಗಳು, ಇವುಗಳ ನಡುವಿನ ಅಂತರವನ್ನು ಮೀಟರುಗಳಲ್ಲಿ ಬರೆದ ಕೈನಕಾಶೆಯೂ ನಡೆಯುತ್ತದೆ, ಅಳತೆ ನಿಜವಾಗಿದ್ದರೆ. ಸ್ಥಳ ಪರಿಶೀಲನೆಗೆ ಬಂದವರು ಹೆಜ್ಜೆ ಎಣಿಸಿ ನೋಡುವುದುಂಟು.

ಹೊತ್ತಿನ ವಿಷಯದಲ್ಲಿ, ಸರ್ಕಾರದ ಸಡಿಲಿಕೆಯಿದ್ದರೆ ರಾತ್ರಿ 12ರವರೆಗೂ ಮದ್ದು ಸುಡಬಹುದೆಂಬ ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಸದ್ದು ಮಾಡುವ ಪಟಾಕಿ ಹಾರಿಸುವಂತಿಲ್ಲ. ವರ್ಷದಲ್ಲಿ ಗರಿಷ್ಠ 15 ದಿನ ರಾತ್ರಿ 12ರವರೆಗೆ ರಾಜ್ಯ ಸರ್ಕಾರ ಕೊಡಬಹುದಾದ ಸಡಿಲಿಕೆ ಧ್ವನಿವರ್ಧಕಗಳಿಗಾಗಿ ಇರುವುದು. ಅದನ್ನು ತೋರಿಸಿ ಮದ್ದು ಸುಡಲಾಗದು. ಪಲ್ಲಕ್ಕಿ ಗುಡಿ ಸೇರಿದ ಮೇಲೆಯೇ ಮದ್ದು ಎನ್ನುವ ಪದ್ಧತಿಯಿರುವ ಊರಿನಲ್ಲಿ ಪಲ್ಲಕ್ಕಿಯನ್ನು ಬೇಗ ಹೊರಡಿಸಬೇಕಾಗುತ್ತದೆ. ಇದಕ್ಕೆ ಹಿರಿಯರನ್ನು ಒಪ್ಪಿಸುವುದು ಪರವಾನಗಿ ಪಡೆಯುವುದಕ್ಕಿಂತ ಕಷ್ಟದ ಕೆಲಸ.

ಅತ್ತಿಬೆಲೆಯ ದುರಂತದ ಬಳಿಕ ರಾಜಕೀಯ ಕಾರ್ಯಕ್ರಮ, ಗಣೇಶನ ಮೆರವಣಿಗೆ ಮತ್ತು ಮದುವೆಗಳಲ್ಲಿ ಪಟಾಕಿ ನಿಷೇಧಿಸುವುದಾಗಿ ರಾಜ್ಯ ಸರ್ಕಾರ ಪ್ರಕಟಿಸಿತು. ಬೆಳಗಾವಿಯ ಗಣೇಶ ಮಂಡಳಿಗಳು ಯಾವ ಯೋಜನೆಗೂ ಮುನ್ನ ಆ ವರ್ಷದ ಆದೇಶವನ್ನು ಕೇಳಿ ತಿಳಿಯಬೇಕು.

ಮೂರನೆಯ ಹೆಜ್ಜೆ: ಗುತ್ತಿಗೆದಾರ ಮತ್ತು ಸಾಮಾನು

ಹೆಚ್ಚು ಸದ್ದು ಮಾಡುವವನನ್ನಲ್ಲ, ಕಾಗದ ತೋರಿಸುವವನನ್ನು ಆರಿಸಿ. ಸುಪ್ರೀಂ ಕೋರ್ಟಿನ 2018ರ ಅಕ್ಟೋಬರ್ 23ರ ಆದೇಶದ ನಂತರ ಬೇರಿಯಂ ಲವಣಗಳ ಬಳಕೆಗೂ ಸರಪಟಾಕಿಗೂ ತಡೆಯಿದೆ. ರಾಜ್ಯದಲ್ಲಿ ಹಸಿರು ಪಟಾಕಿಗೆ ಮಾತ್ರ ಅವಕಾಶವಿದ್ದು, ಪೊಟ್ಟಣದ ಮೇಲೆ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ (ನೀರಿ) ಗುರುತು ಮತ್ತು ಕ್ಯೂಆರ್ ಕೋಡ್ ಇರಬೇಕು. ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವ ಪಟಾಕಿಯನ್ನು ತಯಾರಿಸುವುದು, ಮಾರುವುದು, ಬಳಸುವುದು ಎಲ್ಲವೂ ನಿಷಿದ್ಧ. ಗಂಧಕದೊಡನೆ ಕ್ಲೋರೇಟ್ ಬೆರೆಸಿದ ಮದ್ದು 1992ರಿಂದಲೇ ನಿಷೇಧದಲ್ಲಿದೆ. ಈ ಮಿಶ್ರಣ ತಿಕ್ಕಾಟಕ್ಕೇ ಹೊತ್ತಿಕೊಳ್ಳುವಷ್ಟು ಅಪಾಯಕಾರಿ. ‘ಜಾಗದಲ್ಲೇ ಮದ್ದು ಅರೆದು ತುಂಬಿ ಕೊಡುತ್ತೇನೆ’ ಎನ್ನುವವನನ್ನು ಅಲ್ಲಿಂದಲೇ ಕಳಿಸಿಬಿಡಿ; ಪರವಾನಗಿ ಇಲ್ಲದ ತಯಾರಿಕೆಗೆ ಮೂರು ವರ್ಷ, ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದಕ್ಕೆ ಮತ್ತು ಬಳಸುವುದಕ್ಕೆ ಎರಡು ವರ್ಷದವರೆಗೆ ಜೈಲುಶಿಕ್ಷೆಯಿದೆ.

ನಾಲ್ಕನೆಯ ಹೆಜ್ಜೆ: ತರುವುದು, ಇಡುವುದು

ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಮದ್ದು ತರುವಂತಿಲ್ಲ. ಜನ ಕುಳಿತ ಟ್ರ್ಯಾಕ್ಟರ್ ಟ್ರೇಲರ್ ಇನ್ನೂ ಕೆಟ್ಟದ್ದು. ಸಾಮಾನು ಜಾತ್ರೆಯ ದಿನವೇ ಬರುವಂತೆ ಗೊತ್ತುಮಾಡಿದರೆ ಸಂಗ್ರಹದ ಸಮಸ್ಯೆಯೇ ಅರ್ಧ ಕರಗುತ್ತದೆ. ಗುಡಿಯ ಹಿಂದಿನ ಕೋಣೆ, ದಾಸೋಹದ ಅಡುಗೆಮನೆಯ ಮಗ್ಗುಲು, ಪಂಚಾಯಿತಿಯ ಗೋದಾಮು ಇವುಗಳಲ್ಲಿ ಒಂದು ಪೆಟ್ಟಿಗೆಯನ್ನೂ ಇಡಬಾರದು. ಒಪ್ಪಿಗೆ ಪಡೆದ ಸ್ಥಳಕ್ಕೆ ಬೀಗ, ಕಾವಲು, ಮರಳು, ನೀರು ಇರಬೇಕು. ಬೀಡಿ, ದೀಪ, ಮೊಬೈಲ್ ಚಾರ್ಜರ್ ಯಾವುದೂ ಹತ್ತಿರ ಸುಳಿಯಕೂಡದು. 18 ವರ್ಷದೊಳಗಿನವರನ್ನೂ ಕುಡಿದವರನ್ನೂ ಮದ್ದಿನ ಕೆಲಸಕ್ಕೆ ಹಚ್ಚುವುದನ್ನು ನಿಯಮವೇ ತಡೆಯುತ್ತದೆ. ಸುಡುವ ಸ್ಥಳಕ್ಕೆ ಆ ಹೊತ್ತಿಗೆ ಬೇಕಾದಷ್ಟನ್ನೇ ತಂದು, ಉಳಿದದ್ದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ದೂರವಿಡಬೇಕು.

ಐದನೆಯ ಹೆಜ್ಜೆ: ಆ ರಾತ್ರಿ

ಶೆಲ್ ಹಾರಿಸುವ ಪೈಪುಗಳು ಅಲ್ಲಾಡದಂತೆ ನೆಲದಲ್ಲಿ ಹೂತಿರಬೇಕು ಅಥವಾ ಮರಳಿನಲ್ಲಿ ಭದ್ರವಾಗಿ ನಿಂತಿರಬೇಕು. ಒಂದು ಪೈಪು ವಾಲಿದರೆ ಶೆಲ್ಲು ಜನರತ್ತ ನುಗ್ಗುತ್ತದೆ. ಹಗ್ಗ ಎಳೆದು ಬಿಟ್ಟರೆ ಬೇಲಿಯಾಗುವುದಿಲ್ಲ, ಬಿದಿರಿನ ಗಟ್ಟಿ ಬೇಲಿಯೂ ಅದರ ಮುಂದೆ ಸ್ವಯಂಸೇವಕರೂ ಬೇಕು. ಗಾಳಿ ಜೋರಾದಾಗ ನಿಲ್ಲಿಸುವ ಅಧಿಕಾರ ಒಬ್ಬರಿಗೇ ಇರಲಿ, ಆ ಹೆಸರನ್ನು ಮೊದಲೇ ಬರೆದಿಡಿ. ಇಡೀ ಕಮಿಟಿ ಕೂಡಿ ತೀರ್ಮಾನಿಸುವಷ್ಟು ಸಮಯ ಅಲ್ಲಿ ಸಿಗುವುದಿಲ್ಲ. ಅಗ್ನಿಶಾಮಕ ವಾಹನವೂ ಆಂಬುಲೆನ್ಸೂ ಜನರ ನಡುವೆ ಸಿಕ್ಕಿಕೊಳ್ಳದ ಜಾಗದಲ್ಲಿರಲಿ.

ಸುಟ್ಟ ಗಾಯವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ಅರಿಶಿನ, ಟೂತ್‌ಪೇಸ್ಟ್ ಹಚ್ಚಬಾರದು. ಕಣ್ಣಿಗೆ ಪೆಟ್ಟಾದರೆ ಉಜ್ಜದೆ, ಒತ್ತದೆ ಆಸ್ಪತ್ರೆಗೆ ಒಯ್ಯಬೇಕು. ಅವಘಡವಾದರೆ 112 ಮತ್ತು 108ಕ್ಕೆ ಕರೆ ಮಾಡಿ. ಹತ್ತಿರದ ಪೊಲೀಸ್ ಠಾಣೆಗೂ ಪೆಸೊದ ಮುಖ್ಯ ಸ್ಫೋಟಕ ನಿಯಂತ್ರಕರಿಗೂ ತಿಳಿಸುವುದು ಕಾಯ್ದೆಯ ಪ್ರಕಾರ ಕಡ್ಡಾಯ.

ಆರನೆಯ ಹೆಜ್ಜೆ: ಸುಟ್ಟ ಮೇಲೆ

ಸಿಡಿಯದೆ ಉಳಿದ ಶೆಲ್ಲಿನ ಮೇಲೆ ಬಗ್ಗಿ ನೋಡುವುದು, ಮತ್ತೆ ಹಚ್ಚುವುದು ಸಾವಿಗೆ ಕರೆ ಕೊಟ್ಟಂತೆ. ಅರ್ಧ ತಾಸು ಕಾದು, ಗುತ್ತಿಗೆದಾರನ ಕಡೆಯವರೇ ಅದನ್ನು ನೀರಿನಲ್ಲಿ ಚೆನ್ನಾಗಿ ನೆನೆಸಬೇಕು. ಮೈದಾನವನ್ನು ರಾತ್ರಿಯೇ ಒಮ್ಮೆ, ಬೆಳಕು ಹರಿದ ಕೂಡಲೇ ಮತ್ತೊಮ್ಮೆ ಶೋಧಿಸಬೇಕು. ಅಲ್ಲಿಯವರೆಗೆ ಬೇಲಿಯನ್ನು ಬಿಚ್ಚಬಾರದು, ಏಕೆಂದರೆ ಮರುದಿನ ಮುಂಜಾನೆ ಅಲ್ಲಿಗೆ ಮೊದಲು ಬರುವವರು ಹುಡುಗರು. ಸುಡದೆ ಮಿಕ್ಕ ಸಾಮಾನನ್ನು ಮುಂದಿನ ಅಮಾವಾಸ್ಯೆಗೆ, ಮದುವೆಗೆ ಎಂದು ಎತ್ತಿಡದೆ ಗುತ್ತಿಗೆದಾರನ ಪರವಾನಗಿಯ ಸಂಗ್ರಹಕ್ಕೇ ಮರಳಿಸಿ, ಎಷ್ಟು ಬಂತು, ಎಷ್ಟು ಸುಟ್ಟಿತು, ಎಷ್ಟು ಮರಳಿ ಹೋಯಿತು ಎಂಬ ಲೆಕ್ಕಕ್ಕೆ ಆತನ ಸಹಿ ಪಡೆದು ಪರವಾನಗಿಯ ಪ್ರತಿಯೊಡನೆ ಕಡತದಲ್ಲಿಡಬೇಕು.