ಪದ್ಯದ ಧ್ವನಿ ಹಿಡಿಯುವುದು ಹೇಗೆ

ಪದ್ಯ ಬಾಯಿಬಿಟ್ಟು ಹೇಳದೆ ಹೊಳೆಯಿಸುವ ಅರ್ಥವೇ ಧ್ವನಿ. ಅದನ್ನು ಹಿಡಿಯಲು ಮೊದಲು ಅನ್ವಯ ಮಾಡಿ. ಕರ್ತೃ, ಕರ್ಮ, ಕ್ರಿಯಾಪದ ಹೊಂದಿಸಿ ಪದ್ಯದ ನೇರ ಅರ್ಥವನ್ನು ಒಂದೆರಡು ವಾಕ್ಯದಲ್ಲಿ ಬರೆದುಕೊಳ್ಳಿ. ಇದು ವಾಚ್ಯಾರ್ಥ. ಇದನ್ನು ಬಿಟ್ಟು ಸೀದಾ ಒಳಾರ್ಥಕ್ಕೆ ಹಾರಿದವರೇ ಹೆಚ್ಚು ಎಡವುವುದು.

ಆ ವಾಕ್ಯ ಎಲ್ಲಾದರೂ ತೊಡಕುತ್ತದೆಯೇ ನೋಡಿ. ಅಲಂಕಾರಶಾಸ್ತ್ರದಲ್ಲಿ, ಅಂದರೆ ಕಾವ್ಯದ ಬಗೆಗಿನ ಹಳೆಯ ಶಾಸ್ತ್ರದಲ್ಲಿ, ಸವೆದುಹೋದ ಉದಾಹರಣೆಯೊಂದಿದೆ: 'ಗಂಗೆಯಲ್ಲಿ ಗೊಲ್ಲರ ಹಟ್ಟಿ'. ನೀರಿನ ಮೇಲೆ ಹಟ್ಟಿ ನಿಲ್ಲದು, ಆದ್ದರಿಂದ ಗಂಗೆ ಎಂದರೆ ದಡ ಎಂದುಕೊಳ್ಳುತ್ತೇವೆ. ಇದು ಲಕ್ಷಣೆ. ಇದಕ್ಕೆ ಮೂರು ಸೇರಬೇಕು: ನೇರ ಅರ್ಥ ಹೊಂದದಿರುವುದು, ಹೊಸ ಅರ್ಥಕ್ಕೂ ಅದಕ್ಕೂ ನಂಟು, ಜೊತೆಗೆ ರೂಢಿ ಇಲ್ಲವೇ ಪ್ರಯೋಜನ. 'ದಡದಲ್ಲಿ' ಎಂದೇ ಹೇಳಬಹುದಿತ್ತಲ್ಲ, ಯಾಕೆ ಹೇಳಲಿಲ್ಲ? ಹಟ್ಟಿಯ ತಂಪು, ಪಾವಿತ್ರ್ಯ ಹೊಳೆಯಲೆಂದು. ಧ್ವನಿ ಎಂದರೆ ಈ ತಂಪೇ. ದಡವನ್ನು ಧ್ವನಿ ಎಂದು ಬರೆದರೆ ತಪ್ಪು.

ಏನೂ ತೊಡಕದಿದ್ದರೂ ಧ್ವನಿ ಇರಬಹುದು. ಆಗ ಯಾರು, ಯಾರಿಗೆ, ಯಾವಾಗ ಹೇಳಿದ್ದು ಎಂದು ಗುರುತಿಸಿ. 'ಹೊತ್ತು ಮುಳುಗಿತು' ಎಂಬ ಮಾತು ದನ ಕಾಯುವವನಿಗೆ ಹಟ್ಟಿಗೆ ಹೊಡಿ ಎಂದಂತೆ, ಕೂಲಿಯವನಿಗೆ ಕೆಲಸ ನಿಲ್ಲಿಸು ಎಂದಂತೆ, ಕಾದು ಕುಳಿತ ಹೆಣ್ಣಿಗೆ ಅವನಿನ್ನು ಬರುವ ಹೊತ್ತು ಎಂದಂತೆ.

ಮುಂದೆ ಪದ ಬದಲಿಸಿ ಪರೀಕ್ಷಿಸಿ. ಬೇಸಿಗೆಯ ವರ್ಣನೆಯಲ್ಲಿ 'ಕರ ಹೆಚ್ಚಿತು, ನೆಲ ಬಾಡಿತು' ಎಂದಿದ್ದರೆ, ಕರ ಎಂದರೆ ಕಿರಣವೂ ಹೌದು ತೆರಿಗೆಯೂ ಹೌದಾದ್ದರಿಂದ, ಬಿಸಿಲಿನ ಹಿಂದೆ ತೆರಿಗೆ ಹೇರುವ ದೊರೆಯೂ ಕಾಣುತ್ತಾನೆ. 'ಕಿರಣ' ಎಂದು ಹಾಕಿ, ದೊರೆ ಮಾಯ. ಹೀಗಾದರೆ ಅದು ಶಬ್ದಶಕ್ತಿಮೂಲ, ಅಂದರೆ ಆ ಪದದಿಂದಲೇ ಹುಟ್ಟಿದ ಧ್ವನಿ. ಸಮಾನಪದ ಹಾಕಿದರೂ ಧ್ವನಿ ಉಳಿದರೆ ಅರ್ಥಶಕ್ತಿಮೂಲ, ಅಂದರೆ ಅರ್ಥದಿಂದ ಹುಟ್ಟಿದ್ದು.

ಭಾವದ ಧ್ವನಿಗೆ 9ನೆಯ ಶತಮಾನದ ಕಾಶ್ಮೀರದ ಶಾಸ್ತ್ರಕಾರ ಆನಂದವರ್ಧನ ಕಾಳಿದಾಸನ 'ಕುಮಾರಸಂಭವ'ದಿಂದ ಒಂದು ಪದ್ಯ ಎತ್ತಿಕೊಡುತ್ತಾನೆ. ಅಂಗಿರಸ ಋಷಿ ಮದುವೆಯ ಮಾತೆತ್ತಿದಾಗ ಪಾರ್ವತಿ ಅಪ್ಪನ ಪಕ್ಕದಲ್ಲಿ ತಲೆ ತಗ್ಗಿಸಿ, ಕೈಯಲ್ಲಿದ್ದ ತಾವರೆಯ ಎಸಳು ಎಣಿಸುತ್ತಾಳೆ. ಅಷ್ಟೇ. 'ನಾಚಿದಳು' ಎಂದು ಸೇರಿಸಿದ್ದರೆ ಪದ್ಯ ಕೆಡುತ್ತಿತ್ತು. ಭಾವವನ್ನು ಅದರ ಹೆಸರಿನಿಂದಲೇ ಕರೆಯುವುದನ್ನು ಶಾಸ್ತ್ರಕಾರರು ದೋಷದ ಪಟ್ಟಿಗೇ ಸೇರಿಸಿದ್ದಾರೆ. ಎಸಳೆಷ್ಟು, ತಾವರೆ ಯಾವುದರ ಸಂಕೇತ ಎಂದು ಕೆದಕುವುದೂ ಬೇಡ. ಇಲ್ಲಿ ದುಡಿಯುತ್ತಿರುವುದು ಆ ಎಣಿಕೆ, ಮತ್ತೆ ಪಕ್ಕದಲ್ಲಿರುವ ಅಪ್ಪ.