ಪಾಸ್‌ವರ್ಡ್ ಬದಲಾಯಿತು, ಲಾಗಿನ್ ಮಾತ್ರ ಆಗಲಿಲ್ಲ

ನಮ್ಮ ಆಫೀಸಿನ ಸೆಂಟ್‌ಓಎಸ್ 7 (ಒಂದು ಲಿನಕ್ಸ್) ಸರ್ವರ್‌ನ ರೂಟ್ ಖಾತೆಯ, ಅಂದರೆ ಮುಖ್ಯ ನಿರ್ವಾಹಕನ ಖಾತೆಯ, ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ. ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ, ಕರ್ನಲ್ ಸಾಲಿನ ಕೊನೆಗೆ 'ಆರ್‌ಡಿ.ಬ್ರೇಕ್' (ಬೂಟನ್ನು ಮಧ್ಯದಲ್ಲೇ ನಿಲ್ಲಿಸುವ ಸೂಚನೆ) ಸೇರಿಸಿ ಬೂಟ್ ಮಾಡಿದೆ. ಅಸಲಿ ಸಿಸ್ಟಮ್ ಇರುವ ಸಿಸ್‌ರೂಟ್ ಡೈರೆಕ್ಟರಿಯನ್ನು ಬರೆಯಲು ಬರುವಂತೆ ರೀಮೌಂಟ್ ಮಾಡಿ, 'ಚ್‌ರೂಟ್' ಆಜ್ಞೆಯಿಂದ ಅದರ ಒಳಗೆ ಹೋಗಿ, ಪಾಸ್‌ವರ್ಡ್ ಬದಲಿಸುವ 'ಪಾಸ್‌ಡಬ್ಲ್ಯೂಡಿ' ಕೊಟ್ಟೆ. ಪಾಸ್‌ವರ್ಡ್ ಸಲೀಸಾಗಿ ಬದಲಾಯಿತು.

ರೀಬೂಟ್ ಆದಮೇಲೆ ಲಾಗಿನ್ ಆಗಲೇ ಇಲ್ಲ. ನಾನು ಮುಟ್ಟದೇ ಇದ್ದ ಬೇರೆ ಬಳಕೆದಾರರಿಗೂ ಆಗಲಿಲ್ಲ! ಹಾಗಾದರೆ ತಪ್ಪು ಪಾಸ್‌ವರ್ಡಿನಲ್ಲಿ ಇಲ್ಲ, ಪಾಸ್‌ವರ್ಡ್‌ಗಳನ್ನು ಇಡುವ ಫೈಲಿನಲ್ಲೇ ಇದೆ ಅಲ್ವಾ?

ಆಮೇಲೆ ಅರ್ಥವಾಯಿತು. ಎಸ್‌ಇಲಿನಕ್ಸ್ ಅಂದರೆ ಪ್ರತಿ ಫೈಲಿನ ಲೇಬಲ್ (ಗುರುತು ಚೀಟಿ) ನೋಡಿ, ಯಾವ ಪ್ರೋಗ್ರಾಂ ಅದನ್ನು ಮುಟ್ಟಬಹುದು ಎಂದು ತೀರ್ಮಾನಿಸುವ ಲಿನಕ್ಸಿನ ಕಾವಲು. ಆರ್‌ಡಿ.ಬ್ರೇಕ್ ಹಂತದಲ್ಲಿ ಅದರ ನಿಯಮಗಳು ಇನ್ನೂ ಲೋಡ್ ಆಗಿರುವುದಿಲ್ಲ. ಅದಕ್ಕೇ ಅಲ್ಲಿ ಯಾರೂ ತಡೆಯುವುದಿಲ್ಲ. ಪಾಸ್‌ಡಬ್ಲ್ಯೂಡಿ ಪಾಸ್‌ವರ್ಡ್‌ಗಳಿರುವ ಹಳೆಯ ಶ್ಯಾಡೋ ಫೈಲನ್ನು ತಿದ್ದುವುದಿಲ್ಲ, ಹೊಸದನ್ನು ಬರೆದು ಅದರ ಜಾಗದಲ್ಲಿ ಇಡುತ್ತದೆ. ಆ ಹೊಸ ಫೈಲಿಗೆ ಇರಬೇಕಾದ 'ಶ್ಯಾಡೋ_ಟಿ' ಲೇಬಲ್ ಸಿಗಲೇ ಇಲ್ಲ. ಮಾಮೂಲಿ ಬೂಟ್‌ನಲ್ಲಿ ನಿಯಮಗಳು ಜಾರಿಗೆ ಬಂದಾಗ, ಲೇಬಲ್ ಇಲ್ಲದ ಫೈಲನ್ನು ಓದಲು ಲಾಗಿನ್‌ಗೆ ಅನುಮತಿ ಇಲ್ಲ.

ಗ್ರಬ್‌ನಲ್ಲಿ 'ಎನ್‌ಫೋರ್ಸಿಂಗ್=0' (ಎಸ್‌ಇಲಿನಕ್ಸ್ ಯಾರನ್ನೂ ತಡೆಯದಿರಲಿ ಎಂಬ ಸೂಚನೆ) ಕೊಟ್ಟು ಮತ್ತೆ ಬೂಟ್ ಮಾಡಿದೆ. ಈಗ ಹೊಸ ಪಾಸ್‌ವರ್ಡ್ ನಡೆಯಿತು. ಇಟಿಸಿ ಡೈರೆಕ್ಟರಿಯ ಒಳಗಿನ ಶ್ಯಾಡೋ ಫೈಲಿನ ಮೇಲೆ, ಸರಿಯಾದ ಲೇಬಲ್ ಮತ್ತೆ ಹಾಕುವ 'ರೆಸ್ಟೋರ್‌ಕಾನ್' ಓಡಿಸಿ, ಕಾವಲನ್ನು ಮತ್ತೆ ಜಾರಿಗೆ ತರಲು 'ಸೆಟ್‌ಎನ್‌ಫೋರ್ಸ್ 1' ಕೊಟ್ಟೆ. ಅಷ್ಟೇ.

ಚ್‌ರೂಟ್‌ನಿಂದ ಹೊರಬರುವ ಮೊದಲೇ ರೂಟ್ ಡೈರೆಕ್ಟರಿಯಲ್ಲಿ '.ಆಟೋರಿಲೇಬಲ್' ಎಂಬ ಖಾಲಿ ಫೈಲ್ ಇಟ್ಟಿದ್ದರೂ ಸಾಕಿತ್ತು. ಆದರೆ ಅದು ಇಡೀ ಡಿಸ್ಕಿಗೆ ಲೇಬಲ್ ಹಾಕುತ್ತದೆ. ಫೈಲುಗಳು ಜಾಸ್ತಿ ಇದ್ದರೆ ತುಂಬಾ ಹೊತ್ತು ಕಾಯಬೇಕು.

ಎಸ್‌ಇಲಿನಕ್ಸನ್ನೇ ಆಫ್ ಮಾಡಿಬಿಡಿ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಒಂದು ಫೈಲಿನ ಲೇಬಲ್‌ಗಾಗಿ ಸುಮ್ನೆ ಇಡೀ ಕಾವಲನ್ನು ತೆಗೆಯುವುದು ಸರಿಯಲ್ಲ. ಈಗ ಲೇಬಲ್ ತೋರಿಸುವ 'ಎಲ್‌ಎಸ್ -ಝಡ್' ಕೊಟ್ಟರೆ ಶ್ಯಾಡೋ_ಟಿ ಕಾಣುತ್ತದೆ, ಎಲ್ಲರೂ ಲಾಗಿನ್ ಆಗುತ್ತಿದ್ದಾರೆ.